ಹಗಲು ಹೊತ್ತಿಗೆ ಬಂದವಳು

ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದರೂ ತಲೆ ಮತ್ತೆ ಎಡಕ್ಕೆ ವಾಲಿತು. ನಿರೀಕ್ಷಾ ಮಡಿಸಿದ ಟವೆಲ್ಲನ್ನು ಕುತ್ತಿಗೆಯ ಪಕ್ಕ ತುರುಕಿ ಹಿಡಿದುಕೊಂಡಳು. ಬಸವಲಿಂಗಪ್ಪ ಹೆಂಡತಿಯ ಹಣೆಗೆ ಬಟ್ಟೆ ಸುತ್ತಿ, ಎರಡೂ ತುದಿಗಳನ್ನು ಗೋಡೆಯ ಮೊಳೆಗೆ ಬಿಗಿದ.

"ಬದುಕಿದ್ದಾಗೂ ಹಿಂಗ. ಒಂದು ಕಡಿ ಕುಂತಾಕಿ ಅಲ್ಲ," ಎಂದ.

ತೆಲುಗು ನಾಡಿನ ಮಲ್ಕಾಜ್‌ಗಿರಿಯ ಆ ಸಣ್ಣ ಮನೆಯಲ್ಲಿ ಕೂರಲು ಜಾಗಕ್ಕೆ ಕೊರತೆಯಿರಲಿಲ್ಲ. ಬಸವಲಿಂಗಪ್ಪನ ಜೊತೆ ರೈಲ್ವೆಯಲ್ಲಿ ಕೆಲಸ ಮಾಡಿದ ಕೆಲವರು, ಅಕ್ಕಪಕ್ಕದವರು, ರಾಯಚೂರಿನಿಂದ ಬಂದ ಅವನ ತಂಗಿ ಜಯಮ್ಮ. ಜಯಮ್ಮ ಆಗಾಗ ಬಾಗಿಲ ಕಡೆ ನೋಡುತ್ತಿದ್ದಳು.

"ಅಣ್ಣಾ, ಬಸ್ತಿ ಹೆಣ್ಣುಮಕ್ಕಳಿಗೆಲ್ಲ ವೈನಿ ನೌಕರಿ ಕೊಡಿಸ್ಯಾಳ ಅಂತಿದ್ದಿ. ಮಣ್ಣಿಗೆ ಒಬ್ಬಾಕಿನೂ ಬಂದಿಲ್ಲಲ್ಲ."

"ಡ್ಯೂಟಿ ಮ್ಯಾಲೆ ಅದಾರ."

"ಎಂಥಾ ಡ್ಯೂಟಿ. ಮಂದಿ ಕಕ್ಕಸು ತಿಕ್ಕೂದು."

"ಅದಕ್ಕೂ ಪಗಾರ ಕೊಡ್ತಾರ. ಸುಮ್ಮ ಕುಂಡ್ರು." ಬಸವಲಿಂಗಪ್ಪ ಗಂಟನ್ನು ಎಳೆದು ನೋಡಿದ. "ಹಗಲು ಹೊತ್ತಿನ್ಯಾಗ ಅವರೊಳಗ ಯಾರರೆ ಬಾಗಿಲಾ ಬಡದ್ರ ನಿಮ್ಮ ವೈನಿ ಎದಿ ಧಸಕ್ ಅಂತಿತ್ತು. ಓಡಿ ಹೋಗಿ, ಕೆಲಸ ಹೋತೇನು ಅಂತಿದ್ಲು. ನೀರು ಬೇಕೇನು ಅಂತ ಆಮ್ಯಾಲೆ ಕೇಳಾಕಿ."

ಬಸವಲಿಂಗಪ್ಪನ ಹೆಂಡತಿ ನೀಲಾಂಬಿಕಾ ಸರ್ಕಾರದ ಯೋಜನೆಯೊಂದರಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದಳು. ಕೂಲಿಕಾರರ ಬಸ್ತಿಯ ಹೆಂಗಸರಿಗೆ ತರಬೇತಿ ಕೊಡಿಸಿ, ಊರಾಚೆ ಏಳುತ್ತಿದ್ದ ಸಾಫ್ಟ್‌ವೇರ್ ಕಚೇರಿಗಳಲ್ಲಿ ಸ್ವಚ್ಛತೆಯ ಕೆಲಸಕ್ಕೆ ಸೇರಿಸುವುದು, ಅವರು ಬಿಟ್ಟು ಓಡದಂತೆ ನೋಡಿಕೊಳ್ಳುವುದು ಅವಳ ಕೆಲಸ. ಎರಡು ಸಲ ಕೆಲಸ ಬಿಟ್ಟವರ ಹೆಸರನ್ನು ಯೋಜನೆಯಿಂದ ತೆಗೆಯುತ್ತಿದ್ದರು. ಆಮೇಲೆ ತರಬೇತಿಯೂ ಇಲ್ಲ, ಕೆಲಸವೂ ಇಲ್ಲ.

ಅವಳ ಕೈಕೆಳಗಿದ್ದ ನಿರೀಕ್ಷಾ ಮೈಸೂರಿನವಳು. ಅಪ್ಪನಿಗೆ ರಕ್ಷಣಾ ಕಾರ್ಖಾನೆಯಲ್ಲಿ ನೌಕರಿಯೆಂದು ಇಲ್ಲಿಗೆ ಬಂದು ಓದಿದವಳು. ನಿನ್ನೆ ಮಧ್ಯಾಹ್ನ ನೀಲಾಂಬಿಕಾ ಫೋನ್ ಮಾಡಿ, "ಸಾಬಮ್ಮ ಇವತ್ತರೆ ಕೆಲಸಕ್ಕ ಹೋಗ್ಯಾಳೇನು ನೋಡು," ಎಂದಿದ್ದಳು. ಕಚೇರಿಗೆ ಆಳು ಒದಗಿಸುವ ಗುತ್ತಿಗೆದಾರ ಫೋನ್ ಎತ್ತಲಿಲ್ಲ. ಸಂಜೆ ನೀಲಾಂಬಿಕಾಳ ಎದೆಬಡಿತ ನಿಂತಿತು. ಸಾಬಮ್ಮ ಹೋದಳೋ ಇಲ್ಲವೋ, ನಿರೀಕ್ಷಾಗೆ ಇನ್ನೂ ಗೊತ್ತಿರಲಿಲ್ಲ.

*

ಹೋದ ತಿಂಗಳು ಸಾಬಮ್ಮನ ಹೆಸರಿನ ಮುಂದೆ 'ಕೆಲಸ ಬೇಡವೆಂದಳು' ಎಂದು ಬರೆದವಳು ನಿರೀಕ್ಷಾ. ಗುತ್ತಿಗೆದಾರ ಹೇಳಿದ್ದನ್ನೇ ಬರೆದಿದ್ದಳು.

"ಅಕಿ ಮನಿಯಾಗ ನೀರು ಕುಡದೀಯೇನು?" ನೀಲಾಂಬಿಕಾ ಕೇಳಿದಳು.

"ಇಲ್ಲ ನೀಲಕ್ಕ. ನಾನು ಹೋಗಿಲ್ಲ."

"ಮತ್ತ ಹೆಂಗ ಬರದಿ? ನಡಿ."

ಸಾಬಮ್ಮ ಯಾದಗಿರಿ ಕಡೆಯವಳು. ಕೊಂಡಾಪುರದ ಗಾಜಿನ ಕಟ್ಟಡವೊಂದು ಏಳುವಾಗ ಕಾಂಕ್ರೀಟು ಹೊತ್ತವಳು. ಕಟ್ಟಡ ಮುಗಿಯಿತು, ಕೂಲಿಯೂ ಮುಗಿಯಿತು. ಅದೇ ಕಟ್ಟಡದೊಳಗೆ ಗುಡಿಸಿ ಒರೆಸುವ ಕೆಲಸಕ್ಕೆ ನೀಲಾಂಬಿಕಾ ಅವಳನ್ನು ಸೇರಿಸಿದ್ದಳು.

"ನಾ ಯಾಕ ಬ್ಯಾಡ ಅನ್ಲಿರಿ," ಸಾಬಮ್ಮ ನೀರಿನ ಚೊಂಬು ಕೊಡುತ್ತ ಹೇಳಿದಳು. "ಬಾಗಿಲಾನೇ ನನ್ನ ಬ್ಯಾಡ ಅಂತು. ಮಿಷನ್ನಿನ್ಯಾಗ ಕಾರ್ಡು ಎಳದ್ರ ಕೆಂಪು ಲೈಟು. ವಾಚ್‌ಮನ್ನ ಜಾ ಜಾ ಅಂದ. ಕೆಲಸದಿಂದ ತಗದಾರ ಅಂತ ತಿಳದು ಬಂದೆ. ನಾವು ಕಟ್ಟಾಗ ಅಲ್ಲಿ ಬಾಗಿಲಾನೇ ಇದ್ದಿದ್ದಿಲ್ರಿ."

"ಕಾರ್ಡು ಎಲ್ಲೈತಿ?"

ದೇವರ ಗೂಡಿನಲ್ಲಿ, ಎಲ್ಲಮ್ಮನ ಪಟದ ಪಕ್ಕ ಇತ್ತು. ಎಣ್ಣೆಯಲ್ಲಿ ಕಲಸಿದ ಕುಂಕುಮ ಪದರ ಪದರವಾಗಿ ಮೆತ್ತಿಕೊಂಡಿತ್ತು. ಮಿಷನ್ನು ಓದುವ ಹಿಂಬದಿಯ ಕಪ್ಪು ಪಟ್ಟಿ ಕಾಣುತ್ತಲೇ ಇರಲಿಲ್ಲ.

"ಹೊಟ್ಟಿಗೆ ಹಾಕೂದು ಅದೇ ಅಲ್ಲೇನ್ರಿ. ಸಲಿಕಿಗೂ ಹಚ್ಚತಿದ್ದೆ, ಬುಟ್ಟಿಗೂ ಹಚ್ಚತಿದ್ದೆ. ಇದಕ್ಕ ದಿನಾ ಹಚ್ಚೀನಿ."

ನೀಲಾಂಬಿಕಾ ಕೆಮ್ಮು ಬರುವ ತನಕ ನಕ್ಕಳು. ಆಮೇಲೆ ಚಿಮಣಿ ಎಣ್ಣೆಯಲ್ಲಿ ಬಟ್ಟೆ ಅದ್ದಿ ತಾನೇ ಕೂತು ಪಟ್ಟಿ ಉಜ್ಜಿದಳು.

"ಸಲಿಕಿಗೆ ನಡೀತದವ್ವಾ. ಇದಕ್ಕ ಏನೂ ಹಚ್ಚಬ್ಯಾಡ. ಏನಿದ್ರೂ ನಿನ್ನ ಹಣಿಗೆ ಹಚ್ಚಕೋ."

ಯೋಜನೆಯ ಅಧಿಕಾರಿ ಸೂರ್ಯನಾರಾಯಣ ಈ ಕತೆ ಕೇಳಿ ನಗಲಿಲ್ಲ. ಇದೇ ಕೊನೆಯ ಸಲ ಎಂದು, ಅವಳನ್ನು ಮತ್ತೆ ಕೆಲಸಕ್ಕೆ ಸೇರಿಸುವ ಕಾಗದಕ್ಕೆ ಸಹಿ ಹಾಕಿದ.

*

ರುದ್ರಭೂಮಿಯಲ್ಲಿ ನೀಲಾಂಬಿಕಾಳನ್ನು ಗುಂಡಿಯೊಳಗೆ ಕೂರಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಸೂರ್ಯನಾರಾಯಣ ಕರವಸ್ತ್ರವನ್ನು ತಲೆಯ ಮೇಲೆ ಹಾಕಿಕೊಂಡು ನಿಂತಿದ್ದ. ಅವನೇ ಮೊದಲು ಗೇಟಿನ ಕಡೆ ನೋಡಿದ್ದು.

"ಆ ಕುಂಕುಮದ ಹೆಂಗಸಲ್ಲವಾ ಅವಳು?" ಎಂದು ತೆಲುಗಿನಲ್ಲಿ ಕೇಳಿದ.

ಸಾಬಮ್ಮನೇ. ಮಾಸಿದ ಹಸಿರು ಸೀರೆ, ಕೈಯಲ್ಲಿ ಚೀಲ. ಕೊರಳಲ್ಲಿ ಕಾರ್ಡು ಇರಲಿಲ್ಲ.

"ಕೆಲಸದ ದಿನ ಇಲ್ಲೇನು ಮಾಡುತ್ತಾಳೆ? ನಾಳೆ ಹೆಸರು ತೆಗೆದುಬಿಡಮ್ಮಾ. ತೆಗೆಯಬೇಡ ಅನ್ನುವವರೂ ಈಗ ಇಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ದಣಿವಿತ್ತು.

ನಿರೀಕ್ಷಾ ಗೇಟಿನ ಕಡೆ ತಿರುಗಿದಳು. ಬರೆಯಬೇಕಾದವಳು ತಾನೇ. ಅವಳು ಹೆಜ್ಜೆ ಎತ್ತುವ ಮೊದಲೇ ಬಸವಲಿಂಗಪ್ಪ ಗುಂಡಿಯ ಅಂಚು ಬಿಟ್ಟು, ಒದ್ದೆ ಪಂಚೆಯಲ್ಲೇ ಗೇಟಿನ ಕಡೆ ಧಾವಿಸಿದ.

"ಯವ್ವಾ, ಕೆಲಸ ಹೋತೇನು?"

ಸಾಬಮ್ಮ ಗಾಬರಿಯಾಗಿ ನಿಂತಳು. "ಯಾಕ್ರಿ ಮುತ್ಯಾ, ಇಂಥಾ ಹೊತ್ತಿನ್ಯಾಗ ಹಂಗ್ಯಾಕ ಕೇಳ್ತೀರಿ? ನಂದು ಮಧ್ಯಾಹ್ನದ ಪಾಳಿ. ಉಳಿದವ್ರೆಲ್ಲ ಬೆಳಗಿನ ಪಾಳಿಗೆ ಹೋಗ್ಯಾರ. ಅವರ ಪಾಲಿನ ಮಣ್ಣೂ ನಾನೇ ಹಾಕಬೇಕಂತ. ಅಲ್ಲಿ ನೋಡ್ರಿ, ಕಂಪನಿ ಗಾಡಿ. ಡ್ರೈವರನ ಕಾಲು ಹಿಡದು ನಿಲ್ಲಿಸೀನಿ."

"ಕಾರ್ಡು ಎಲ್ಲಿ?" ಓಡಿ ಬಂದ ನಿರೀಕ್ಷಾ ಏದುಸಿರಿನಲ್ಲಿ ಕೇಳಿದಳು.

ಸಾಬಮ್ಮ ಕುಪ್ಪಸದೊಳಗಿಂದ ನೀಲಿ ದಾರ ಹಿಡಿದು ಕಾರ್ಡು ಎಳೆದಳು. "ಮಣ್ಣು ಬೀಳ್ತದಂತ ಒಳಗ ಇಟ್ಟೀನ್ರಿ. ಡ್ರೆಸ್ಸು ಅಲ್ಲೇ ಹಾಕ್ಕೊಳ್ಳೂದು. ನಿನ್ನೆ ಎಳದ ಕೂಡಲೇ ಹಸರು ಲೈಟು ಬಂತು. ಅಕ್ಕಾರಿಗೆ ಬೆಳಿಗ್ಗೆ ಹೇಳಬೇಕಂತಿದ್ದೆ."

ನಿರೀಕ್ಷಾ ಹತ್ತಿರದ ಕಟ್ಟೆಯ ಮೇಲೆ ಕೂತುಬಿಟ್ಟಳು. ನಿನ್ನೆಯಿಂದ ಈಗಲೇ ಅವಳಿಗೆ ಹಸಿವು ತಿಳಿದದ್ದು. ಸೂರ್ಯನಾರಾಯಣ ಕಾರ್ಡನ್ನು ನೋಡಿದ, ನಿಂತ ಗಾಡಿಯನ್ನು ನೋಡಿದ. "ಸರಿ, ಬಿಡಮ್ಮಾ," ಎಂದ.

ಬಸವಲಿಂಗಪ್ಪ ಗುಂಡಿಯ ಹತ್ತಿರ ವಾಪಸು ಹೋಗಿ, ಪಕ್ಕದ ಕೋಣೆಯಲ್ಲಿರುವವಳಿಗೆ ಹೇಳುವ ದನಿಯಲ್ಲಿ, "ಹೋಗ್ಯಾಳಂತ. ಹಸರು ಲೈಟು ಬಂತಂತ," ಎಂದ.

ಸಾಬಮ್ಮ ಹಿಡಿ ಮಣ್ಣು ಹಾಕಿದಳು, ಇನ್ನೊಂದು ಹಿಡಿ, ಮತ್ತೊಂದು. ಗಾಡಿ ಹಾರ್ನ್ ಹೊಡೆಯಿತು. ಕ್ರಿಯೆ ನಡೆಸುತ್ತಿದ್ದ ಅಯ್ಯನವರು ನೀಡಿದ ತಟ್ಟೆಯಿಂದ ವಿಭೂತಿ ತೆಗೆದುಕೊಂಡು ಅವಳು ಗೇಟಿನ ಕಡೆ ಓಡಿದಳು. ಓಡುತ್ತಲೇ ಎಡಗೈಯಲ್ಲಿ ಕಾರ್ಡು ಎತ್ತಿ ಹಿಡಿದಳು. ವಿಭೂತಿಯ ಬೆರಳು ಕಾರ್ಡಿನ ಹತ್ತಿರ ಹೋಯಿತು, ಅಲ್ಲೇ ನಿಂತಿತು. ಬೆರಳನ್ನು ಹಣೆಗೆ ಅಡ್ಡ ಎಳೆದುಕೊಂಡು, ಕೈಯನ್ನು ಸೀರೆಗೆ ಎರಡು ಸಲ ಒರೆಸಿ ಅವಳು ಗಾಡಿ ಹತ್ತಿದಳು.