ಸಣ್ಣಸ್ವಾಮಿಯ ತಲೆ

"ಕಣ್ಣು ಕಳ್ಕಂಡಿದ್ದೀಯೇನ್ಲಾ, ಬೋಳಿಮಗ್ನೆ! ಬ್ಯಾಡದ ಕಂಬಚಿಗುರು ಕೀಳು ಅಂದ್ರೆ ಫಲದ ರೆಕ್ಕೇನೇ ಮುರೀತೀಯಲ್ಲೋ! ಬೆಳಿಗ್ಗೇನೇ ಏರಿಸ್ಕಂಡು ಬಂದ್ಯಾ?"

ತೋಟದ ರೈಟರ್ ಮಹದೇವಪ್ಪ ಕೊಡೆಯ ತುದಿಯಿಂದ ಸಣ್ಣಸ್ವಾಮಿಯ ಎದೆಗೆ ತಿವಿದ. ಸಣ್ಣಸ್ವಾಮಿ ತನ್ನ ಕೈಯಲ್ಲಿದ್ದ ಕಾಫಿ ಗಿಡದ ರೆಕ್ಕೆ ಕೊಂಬೆಯನ್ನು ನೋಡಿದ. ಹಸಿರು ಕಾಯಿ ಕಿಕ್ಕಿರಿದಿತ್ತು. ಅದು ಹೇಗೆ ಕೈಗೆ ಬಂತೆಂದು ತಿಳಿಯಲಿಲ್ಲ.

"ಕುಡ್ದಿಲ್ಲ ಸ್ವಾಮಿ," ಎಂದಳು ಪಕ್ಕದ ಸಾಲಿನಲ್ಲಿದ್ದ ಅವನ ಹೆಂಡತಿ ಹುಚ್ಚಮ್ಮ. "ತಲೆನೋವು. ಬೆಳಕು ಕಂಡ್ರೆ ವಾಂತಿ ಮಾಡ್ಕತಾನೆ."

"ಇವತ್ತು ಹಾಜರಿ ಇಲ್ಲ, ಹೋಗು. ಶನಿವಾರ ಮೈದಾನಕ್ಕೆ ಬರ್ಲಿಲ್ವೋ, ಚರ್ಮ ಸುಲೀತೀನಿ."

ಕೊಡಗಿಗೆ ಮಡಿಕೇರಿಯಲ್ಲೇ ಸರ್ಕಾರವಿದ್ದ ವರ್ಷಗಳು ಅವು. ಸುಂಟಿಕೊಪ್ಪದ ಬಳಿಯ ತೋಟಕ್ಕೆ ಅರಕಲಗೂಡು ಕಡೆಯಿಂದ ಕೂಲಿಗೆ ಬಂದ ಸಣ್ಣಸ್ವಾಮಿಯ ಎತ್ತರ ನೋಡಿ ನಾಣಯ್ಯ ಸಾಹುಕಾರರು ಅವನನ್ನು ತೋಟದ ಫುಟ್‌ಬಾಲ್ ತಂಡಕ್ಕೆ ಹಾಕಿದ್ದರು. ಕೆಲಸ ಬಿಟ್ಟ ಮೇಲೆ ಸಿಲ್ವರ್ ಓಕ್ ಕೊಂಬೆಗೆ ಚೆಂಡು ನೇತುಹಾಕಿಸಿ, ಕತ್ತಲಾಗುವ ತನಕ ಹಣೆಯಿಂದ ಗುದ್ದಿಸುತ್ತಿದ್ದರು. ಮಳೆ ಕುಡಿದ ಚರ್ಮದ ಚೆಂಡು ಕಲ್ಲಿನಂತೆ ಬಡಿಯುತ್ತಿತ್ತು. ಹೋದ ವರ್ಷದ ಸ್ವಾತಂತ್ರ್ಯ ದಿನದ ಪಂದ್ಯದಲ್ಲಿ ಎದುರಾಳಿಯ ತಲೆಗೆ ತಲೆ ಅಪ್ಪಳಿಸಿ ಪ್ರಜ್ಞೆ ತಪ್ಪಿದಾಗ, ಮುಖಕ್ಕೆ ನೀರೆರಚಿ ಮತ್ತೆ ಆಟಕ್ಕೆ ತಳ್ಳಿದ್ದರು. ಅವನೇ ಗೋಲು ಹೊಡೆದು ಗೆಲ್ಲಿಸಿದನಂತೆ. ಅವನಿಗೆ ನೆನಪಿಲ್ಲ. ಕೂಲಿಗಳ ಲೈನಿನವರಿಗೆಲ್ಲ ನೆನಪಿದೆ. ಗೆದ್ದರೆ ಸಾಹುಕಾರರಿಂದ ಲೈನಿಗೊಂದು ಕುರಿ.

ಅಂದು ಸಂಜೆ ಹುಚ್ಚಮ್ಮ ಬಂಗಲೆಯ ಅಂಗಳದಲ್ಲಿ ನೆನೆಯುತ್ತ ನಿಂತಳು. ಅವಳ ಜಾತಿಯವರು ಜಗಲಿ ಹತ್ತುವಂತಿರಲಿಲ್ಲ.

"ಮಡಿಕೇರಿ ಡಾಕ್ಟ್ರು ಅಂದವ್ರೆ ಬುದ್ಧಿ, ಪೆಟ್ಟಿನ ಮೇಲೆ ಪೆಟ್ಟು ಬಿದ್ದು ಮಿದುಳು ಒಳಗೇ ನೊಂದೋಗೈತಂತೆ. ಮೇಲೆ ಗಾಯ ಕಾಣಾಕಿಲ್ವಂತೆ. ಇನ್ನೊಂದು ಬಿದ್ರೆ ಉಳಿಯಾಕಿಲ್ಲ, ಉಳುದ್ರೂ ಮನ್ಸ ಆಗಿರಾಕಿಲ್ಲ ಅಂದ್ರು. ಈ ಸಲ ಬುಟ್ಬುಡಿ."

ಸಾಹುಕಾರರು ನಕ್ಕರು. "ಮಿದುಳಾ? ಅದು ನಿನ್ನ ಗಂಡನಿಗೆ ಯಾವಾಗ ಇತ್ತು? ನೋಡು, ಶನಿವಾರ ಮೂರ್ನಾಡಿನ ತಂಡದವರ ಮುಂದೆ ನನ್ನ ಮರ್ಯಾದೆ ಹೋದ್ರೆ, ಲೈನ್‌ಮನೆ ಖಾಲಿ ಮಾಡ್ಕೊಂಡು ನಡೀರಿ."

ಲೈನಿಗೆ ಬಂದರೆ ಮಗಳು ಕೆನ್ನೆ ಹಿಡಿದು ಮೂಲೆಯಲ್ಲಿ ಕೂತಿದ್ದಳು. ಸಣ್ಣಸ್ವಾಮಿ ಅವಳ ಮುಂದೆ ಕುಕ್ಕುರುಗಾಲಲ್ಲಿ ಕೂತು, "ಯಾರವ್ವ ಹೊಡ್ದೋರು? ಹೇಳು, ಅವ್ರ ಕೈ ಮುರೀತೀನಿ," ಎನ್ನುತ್ತಿದ್ದ. ಹೊಡೆದವನು ಅವನೇ.

ಪಕ್ಕದ ಮನೆಯ ಕಾಳಮ್ಮ ಬಾಗಿಲಿಗೆ ಬಂದಳು. "ಇದೊಂದಾಟ ಆಡ್ಲಿ ಬುಡೆ. ಮಕ್ಳು ಬಾಡು ಕಂಡು ವರ್ಸ ಆಯ್ತು."

"ನನ್ ಗಂಡನ್ ತಲೇನೇ ಬೇಯಿಸ್ಕಂಡು ತಿನ್ರೇ, ಮುಂಡೇರಾ!"

ಆಗಸ್ಟ್ ಹದಿನೈದು, ಶನಿವಾರ. ಹುಚ್ಚಮ್ಮ ಗಂಡನನ್ನು ಒಳಗೆ ಬಿಟ್ಟು, ಹೊರಗಿನಿಂದ ಅಗುಳಿ ಹಾಕಿ ನೀರಿಗೆ ಹೋದಳು. ಬರುವಷ್ಟರಲ್ಲಿ ಬಾಗಿಲು ತೆರೆದಿತ್ತು. ಕಾಳಮ್ಮನ ಗಂಡ ರೇವಣ್ಣ ಅಗುಳಿ ತೆಗೆದು ಅವನನ್ನು ಕರೆದೊಯ್ದಿದ್ದ.

ಅವಳು ಮೈದಾನಕ್ಕೆ ಓಡಿದಳು. ಬಾವುಟ ಹಾರಿಸಿಯಾಗಿತ್ತು, ಆಟ ನಡೆದಿತ್ತು. ಸಾಹುಕಾರರೂ ಅತಿಥಿಗಳೂ ಮಳೆಗೆ ಶಾಮಿಯಾನದಡಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಸಣ್ಣಸ್ವಾಮಿ ಗೋಲಿನ ಮುಂದೆ ತೂರಾಡುತ್ತ ನಿಂತಿದ್ದ. ಮೂಲೆಯಿಂದ ಒದ್ದ ಚೆಂಡು ಮೇಲೆದ್ದಿತು.

"ತಲೆ ಕೊಡೋ ಸಣ್ಣ! ತಲೆ ಕೊಡು!" ಸಾಹುಕಾರರು ಕುರ್ಚಿಯಿಂದೆದ್ದು ಕೂಗಿದರು. ಇಡೀ ಲೈನು ಕೂಗಿತು. ಅವನು ಕಣ್ಣು ಮುಚ್ಚಿ ಕತ್ತು ಚಾಚಿದ.

ಹುಚ್ಚಮ್ಮ ನುಗ್ಗಿ ಅವನನ್ನು ಪಕ್ಕಕ್ಕೆ ತಳ್ಳಿದಳು. ಚೆಂಡು ಅವಳ ಎದೆಗೆ ಬಡಿಯಿತು. ಎರಡೂ ಕೈಯಲ್ಲಿ ಅಪ್ಪಿಕೊಂಡೇ ಕೆಸರಿಗೆ ಬಿದ್ದಳು. ಸೀಟಿ ಊದಿದರು. ಅವಳು ಎದ್ದು, ಚೆಂಡು ಹೊತ್ತು ನೆಟ್ಟಗೆ ಶಾಮಿಯಾನದತ್ತ ನಡೆದಳು. ಏನೋ ದೂರು ಹೇಳಲು ಬರುತ್ತಿದ್ದಾಳೆಂದು ಸಾಹುಕಾರರು ಸುಮ್ಮನೆ ನಿಂತಿದ್ದರು.

ಅವಳು ಚೆಂಡನ್ನು ತಲೆಯ ಮೇಲೆತ್ತಿ ಅವರ ಮುಖಕ್ಕೆ ಬೀಸಿ ಎಸೆದಳು.

ಸಾಹುಕಾರರು ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಕುಕ್ಕರಿಸಿದರು. ಚೆಂಡು ಮುಂಗೈಗೆ ಬಡಿದು ಲಡ್ಡುವಿನ ತಟ್ಟೆಯ ಮೇಲೆ ಬಿತ್ತು.

"ಯಾಕ್ ಬುದ್ಧಿ, ಕೈ ಅಡ್ಡ ಹಿಡೀತೀರಾ? ತಲೆ ಕೊಡಿ!"

ಲೈನಿನವರ ಗುಂಪಿನಲ್ಲಿ ಯಾರೋ ಹೆಂಗಸು ಗೊಳ್ಳೆಂದು ನಕ್ಕಳು. ಮಹದೇವಪ್ಪ ಹುಚ್ಚಮ್ಮನ ತುರುಬು ಹಿಡಿದೆಳೆದು ಕೊಡೆಯಿಂದ ಬಾರಿಸತೊಡಗಿದ. ಅವಳು ಅವನ ಮುಂಗೈ ಕಚ್ಚಿದಳು. ಕಚ್ಚಿದ್ದನ್ನು ಬಿಡಲಿಲ್ಲ.

ಗೋಲಿನ ಮುಂದೆ ಬಿದ್ದಿದ್ದ ಸಣ್ಣಸ್ವಾಮಿ ಎದ್ದು ಕೂತು, ಕಣ್ಣಿಗೆ ಕೈ ಅಡ್ಡ ಹಿಡಿದು ಅತ್ತ ನೋಡಿದ. ಪಕ್ಕದಲ್ಲಿದ್ದ ರೇವಣ್ಣನ ಕಾಲು ಅಲ್ಲಾಡಿಸಿದ.

"ಯಾವೂರ ಹೆಂಗ್ಸ್ಲಾ ಅದು? ಆಪಾಟಿ ಹೊಡೀತಾವ್ನೆ. ಅವ್ಳಿಗೆ ಅಂತ ಯಾರೂ ಇಲ್ವೇನ್ಲಾ?"