ಮೂವತ್ತೇಳನೆಯ ಚೀಟಿ

"ಎತ್ತಿ, ನಿಮ್ಮ ಕಡೆ ಇನ್ನೂ ಸ್ವಲ್ಪ ಎತ್ತಿ," ಎಂದು ಮೈದುನ ಮೇಲಿಂದ ಹೇಳುತ್ತಿದ್ದ. ಮೆಟ್ಟಿಲಿನ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತ್ತು. ಕೆಳಗಿದ್ದ ಇಬ್ಬರು ಹೆಗಲು ಕೊಟ್ಟರು. ಕಂಬಿಗೆ ಉಜ್ಜಿ ಕರ್ ಎಂದಿತು. ಆ ಕಂಬಿಯನ್ನು ಬೆಸೆದ ಮೇಸ್ತ್ರಿಯೇ ಪೆಟ್ಟಿಗೆಯೊಳಗೆ ಮಲಗಿದ್ದ.

"ಅಣ್ಣ ಇದ್ದಿದ್ರೆ ಮೊದಲು ಅಳತೆ ನೋಡ್ತಿದ್ದ," ಎಂದ ಮೈದುನ, ಯಾರಿಗೂ ಅಲ್ಲವೆಂಬಂತೆ.

ಮೇಸ್ತ್ರಿಯ ಹೆಂಡತಿ, ಅವನ ಅತ್ತಿಗೆ, ಗೋಡೆ ಹಿಡಿದುಕೊಂಡು ಹಿಂದಿನಿಂದ ಇಳಿದಳು. ಮನೆಯ ಮುಂದೆ ಬೀದಿಯಲ್ಲೇ ಬೆಂಚು ಹಾಕಿ ಪೆಟ್ಟಿಗೆ ಇರಿಸಿದರು. ಮುಖಕ್ಕೆ ಬಿಸಿಲು ಬೀಳದಿರಲೆಂದು ಯಾರೋ ಕೊಡೆ ಬಿಚ್ಚಿ ಹಿಡಿದರು. ನಲವತ್ತು ವರ್ಷ ವೆಲ್ಡಿಂಗ್ ಕಿಡಿ ತಿಂದ ಮುಖ ಅದು. ಹುಬ್ಬಿನ ಕೂದಲು ಅರ್ಧ ಸುಟ್ಟುಹೋಗಿತ್ತು.

ಬೀದಿಯ ಜನವೆಲ್ಲ ಸೇರಿತ್ತು. ನಿವಾಸಿಗಳ ಸಮಿತಿಯ ಸೆಕ್ರೆಟರಿ ಬಂದು ಅವಳೆದುರು ನಿಂತು ಕನ್ನಡಕ ತೆಗೆದರು. ಬ್ಯಾಂಕಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಮಾತು ಮೆಲು.

"ಮನಸ್ಸು ಗಟ್ಟಿ ಮಾಡ್ಕೋಬೇಕಮ್ಮ. ಗಾಡಿ ಮೇನ್ ರೋಡಿಗೆ ಬರುತ್ತೆ. ಇವತ್ತು ಬೀದಿ ಹಿಂದಿನ ಗೇಟು ತೆಗೆಸ್ತೀನಿ, ಹತ್ತು ಹೆಜ್ಜೆ ಅಷ್ಟೆ."

"ಮೊನ್ನೆ ತೆಗೆಸಬೇಕಿತ್ತು ಸಾರ್," ಎಂದ ಮೈದುನ.

ಸೆಕ್ರೆಟರಿ ಕನ್ನಡಕ ಒರೆಸುತ್ತಲೇ ಇದ್ದರು.

* * *

ನಾಲ್ಕು ವರ್ಷದ ಹಿಂದೆ, ಹಾಡಹಗಲಲ್ಲಿ, ಅವಳು ತರಕಾರಿ ಚೀಲ ಹಿಡಿದು ಬರುತ್ತಿದ್ದಾಗ ಬೈಕಿನಲ್ಲಿ ಬಂದವನೊಬ್ಬ ಕತ್ತಿನ ಸರಕ್ಕೆ ಕೈ ಹಾಕಿದ್ದ. ಸರ ಒಂದೇ ಏಟಿಗೆ ಬರಲಿಲ್ಲ. ಹತ್ತು ಮಾರು ದೂರ ಅವಳನ್ನು ದರದರ ಎಳೆದುಕೊಂಡು ಹೋದ. ಗಾಯ ತಿಂಗಳಲ್ಲಿ ಮಾಯಿತು. ಅವಳು ಮಾತ್ರ ಬೈಕಿನ ಸದ್ದಿಗೆ ಬೆವರುತ್ತಿದ್ದಳು. ಬಾಗಿಲಿಗೆ ಚಿಲಕ ಹಾಕಿದೆನೇ ಎಂದು ಹತ್ತು ಸಲ ಎದ್ದು ನೋಡುತ್ತಿದ್ದಳು.

ಬೀದಿಯ ಹಿಂಬದಿ ಮೇನ್ ರೋಡಿಗೆ ತೆರೆದುಕೊಂಡಿದ್ದರಿಂದಲೇ ಕಳ್ಳರು ನುಗ್ಗುತ್ತಾರೆ, ಅಲ್ಲೊಂದು ಗೇಟು ಹಾಕಿ ಬೀಗ ಜಡಿಯಬೇಕು ಎಂದು ಸಮಿತಿ ಸಭೆ ಕರೆಯಿತು. ಶಾಲೆಯ ಹಾಲಿನಲ್ಲಿ ಮಕ್ಕಳ ಬೆಂಚುಗಳ ಮೇಲೆ ದೊಡ್ಡವರು ಮುದುರಿ ಕೂತಿದ್ದರು. ಬೇಡ ಎಂದು ಎದ್ದು ನಿಂತವನು ಮೇಸ್ತ್ರಿ ಒಬ್ಬನೇ.

"ಕಳ್ಳ ಬರೋ ದಾರೀಲೇ ಆಂಬುಲೆನ್ಸೂ ಬರೋದು. ಮುಂದಿನ ದಾರಿ ಮಾರ್ಕೆಟ್ಟೊಳಗಿಂದ. ಅಲ್ಲಿ ಸೈಕಲ್ಲೇ ಹೋಗಲ್ಲ."

"ಸರ ಹೋಗಿದ್ದು ನಿಮ್ಮ ಮನೇದೇ ಅಲ್ವಾ ಮೇಸ್ತ್ರಿ?" ಎಂದರು ಯಾರೋ.

"ಹೌದು. ಸರ ಹೋಯ್ತು. ಜೀವ ಉಳೀತಲ್ಲ."

ಸೆಕ್ರೆಟರಿ ಕೈ ಎತ್ತಿಸಲು ಹೊರಟಾಗ ಅವನು ಅದಕ್ಕೂ ಅಡ್ಡಬಂದ. "ಚೀಟಿ ಹಾಕಿಸಿ ಸಾರ್. ಕೈ ಎತ್ತು ಅಂದ್ರೆ ಪಕ್ಕದವರ ಮುಖ ನೋಡ್ಕೊಂಡು ಎತ್ತುತಾರೆ. ನನ್ನ ಹೆಂಡ್ತೀನೂ ನನ್ನ ಮುಖ ನೋಡೇ ಎತ್ತಬೇಕಾಗುತ್ತೆ."

ಸಭೆ ಗೊಳ್ಳೆಂದಿತು. ಅವಳೂ ನಕ್ಕಳು.

ನೋಟ್‌ಬುಕ್ಕಿನ ಹಾಳೆ ಹರಿದು ಚೀಟಿ ಮಾಡಿದರು. ಅವಳು ಅಂಗೈ ಮರೆಮಾಡಿಕೊಂಡು 'ಬೇಕು' ಎಂದು ಬರೆದಳು. ಗಂಡನ ವಾದ ಅವಳ ತಲೆಗೆ ಹತ್ತಿರಲಿಲ್ಲ ಎಂದಲ್ಲ. ಆದರೆ ಬರೆಯುವಾಗ ಕಿವಿಯಲ್ಲಿದ್ದದ್ದು ಬೈಕಿನ ಸದ್ದೊಂದೇ.

ಬೇಕು ಮೂವತ್ತೇಳು, ಬೇಡ ಮೂವತ್ತಾರು.

"ಒಂದೇ ಒಂದು ಓಟು ಕಣೇ," ಎಂದ ದಾರಿಯುದ್ದಕ್ಕೂ. "ಯಾರೋ ಪುಣ್ಯಾತ್ಮರು ಅಡ್ಡಗಾಲು ಹಾಕಿದ್ರು ನೋಡು."

ಅವಳು ಮನೆಗೆ ಬಂದು ಈರುಳ್ಳಿ ಹೆಚ್ಚಿದಳು.

ಗೇಟನ್ನು ಅವನೇ ಮಾಡಿಕೊಟ್ಟ. ಬೇರೆಯವರು ಮಾಡಲಿ ಬಿಡು ಎಂದು ತಮ್ಮ ರೇಗಿದರೆ, "ಎಣಿಸಿ ಆಗಿದೆ. ಇನ್ನು ಮಾಡೋದಾದ್ರೆ ನೆಟ್ಟಗೆ ಮಾಡ್ಬೇಕು," ಎಂದ. ತುರ್ತಿಗೆ ಎರಡು ಮನೆಯಲ್ಲಿ ಕೀ ಇರಲಿ ಎಂದು ಒಪ್ಪಿಸಿದ. ವರ್ಷ ಕಳೆಯುವಷ್ಟರಲ್ಲಿ ಒಂದು ಕೀ ಕಳೆದುಹೋಯಿತು. ಇನ್ನೊಂದು ಮಾಡಿಸುವ ಮಾತು ಪ್ರತಿ ಸಭೆಯಲ್ಲೂ ಮುಂದಕ್ಕೆ ಹೋಯಿತು. ಅದೊಂದಕ್ಕೋಸ್ಕರ ಅವನು ಸಮಿತಿಯ ಚುನಾವಣೆಗೆ ನಿಂತ. ಒಂಬತ್ತು ಓಟು ಬಿತ್ತು. ಗೇಟಿನ ನೆರಳಲ್ಲಿ ಮಕ್ಕಳು ಆಡುತ್ತಿದ್ದರು, ಗಾಡಿಗಳ ಕಾಟವಿರಲಿಲ್ಲ. ಬೇಡ ಎಂದಿದ್ದವರಲ್ಲೂ ಹೆಚ್ಚಿನವರಿಗೆ ಅದು ಹಿತವಾಗಿ ಹೋಗಿತ್ತು.

* * *

ಕಾಫಿ ಲೋಟಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಮೈದುನನ ಧ್ವನಿ ಏರಿತ್ತು.

"ಆಂಬುಲೆನ್ಸ್ ಗೇಟಿನ ಆಚೆ ನಿಂತಿತ್ತು. ಕಣ್ಣಿಗೆ ಕಾಣ್ತಿತ್ತು. ಕೀ ಇರೋರು ಮದುವೆಗೆ ಹೋಗಿದ್ರು. ಮಾರ್ಕೆಟ್ ಸುತ್ತಿ ಬರೋಕೆ ಅರ್ಧ ಗಂಟೆ. ನಾಳೆ ಬೆಳಿಗ್ಗೆ ಗ್ಯಾಸ್ ಕಟರ್ ತಂದು ನಾನೇ ಕತ್ತರಿಸ್ತೀನಿ. ಯಾರ್ ತಡೀತಾರೋ ನೋಡ್ತೀನಿ."

"ತಡೆಯೋರು ಯಾರೂ ಇಲ್ಲ. ಕತ್ತರಿಸು," ಎಂದ ಹಾಲಿನಂಗಡಿಯವ. ಹಲವರು ತಲೆದೂಗಿದರು. ಸೆಕ್ರೆಟರಿಯ ಸುತ್ತ ಒಂದಿಷ್ಟು ಜಾಗ ತೆರವಾಗಿತ್ತು. ಅವರು ಲೋಟದೊಳಗೇ ನೋಡುತ್ತಿದ್ದರು.

ಅವಳ ಕಣ್ಣ ಮುಂದೆ ಆ ಸರಳುಗಳೇ ಇದ್ದವು. ಎರಡೂ ಕೈಯಿಂದ ಹಿಡಿದು ಜಗ್ಗಿದ್ದಳು. ಒಂದು ಬೆಸುಗೆಯೂ ಅಲುಗಲಿಲ್ಲ. ಆಚೆಯಿಂದ ಡ್ರೈವರ್ "ಕೀ ತನ್ನಿ ಅಮ್ಮ, ಕೀ ತನ್ನಿ" ಎನ್ನುತ್ತಿದ್ದ. ಮನೆಗೆ ಓಡಿಬಂದಾಗ, ಎದೆ ಹಿಡಿದುಕೊಂಡು ಮಲಗಿದ್ದ ಗಂಡನಿಗೆ ಇನ್ನೂ ಮಾತಿತ್ತು. "ಸುತ್ತಿ ಬರ್ತಿದ್ದಾರಾ?" ಎಂದು ಕೇಳಿದ್ದ. ಹ್ಞೂಂ ಎಂದಿದ್ದಳು. ಆಮೇಲೆ ಅವನು ಏನೂ ಕೇಳಲಿಲ್ಲ.

ಪಕ್ಕದಲ್ಲಿ ಕೂತಿದ್ದ ಎದುರುಮನೆಯ ಟೈಲರ್ ಹೆಂಗಸು ಅವಳ ಬೆನ್ನು ಸವರಿದಳು. "ಒಂದೇ ಓಟಲ್ವಾ ಅಕ್ಕಾ. ಯಾರು ಹಾಕಿದ್ರೋ, ಅವರ ಮನೇಗೂ ಇದೇ ಗತಿ ಬರ್ಲಿ."

"ಬಂತಲ್ಲ," ಎಂದಳು ಅವಳು.

ಟೈಲರ್‌ಗೆ ಅರ್ಥವಾಗಲಿಲ್ಲ.

"ಆ ಚೀಟಿ ನಂದೇ. ಅವರಿಗೆ ಹೇಳಲಿಲ್ಲ. ನಾಲ್ಕು ವರ್ಷ ಜೊತೇಲಿ ಕೂತು ಉಂಡೆ, ಹೇಳಲಿಲ್ಲ."

ಬೆನ್ನ ಮೇಲಿದ್ದ ಕೈ ನಿಂತಿತು, ಆಮೇಲೆ ಹಿಂದಕ್ಕೆ ಹೋಯಿತು. ಮೈದುನ ತಿರುಗಿ ಅವಳನ್ನು ನೋಡಿದ. ಮೊದಲು ಮಾತಾಡಿದವರು ಸೆಕ್ರೆಟರಿ. ಲೋಟ ಕೆಳಗಿಟ್ಟು, ಬೆಳಿಗ್ಗೆಯಿಂದ ಮೊದಲ ಸಲ ನೆಟ್ಟಗೆ ನಿಂತರು.

"ಅಮ್ಮನ್ನ ಯಾರೂ ಏನೂ ಅನ್ನಬೇಡಿ. ನೊಂದಿದ್ದಾರೆ. ಆದ್ರೆ ಸ್ವಂತ ಮನೆಯವರಿಗೇ ಬೇಕು ಅನ್ನಿಸಿದ ಮೇಲೆ ಸಮಿತಿ ಏನು ಮಾಡೋಕಾಗುತ್ತೆ ಹೇಳಿ? ಎಲ್ಲರೂ ಸೇರಿ ತಗೊಂಡ ತೀರ್ಮಾನ ಅದು."

"ಅದೂ ನಿಜವೇ," ಎಂದ ಹಾಲಿನಂಗಡಿಯವ.

ಎಲ್ಲರ ಹೆಗಲೂ ಸಡಿಲವಾದದ್ದನ್ನು ಅವಳು ನೋಡಿದಳು. ಯಾರೋ ಇನ್ನರ್ಧ ಲೋಟ ಕಾಫಿ ಕೇಳಿದರು. ಸೆಕ್ರೆಟರಿಯ ಸುತ್ತ ತೆರವಾಗಿದ್ದ ಜಾಗ ಮೆಲ್ಲಗೆ ತುಂಬಿಕೊಂಡಿತು. ಈಗ ಜಾಗ ಬಿಟ್ಟಿದ್ದು ಅವಳ ಸುತ್ತ.

* * *

ಗಾಡಿ ಹೊರಟಿತು. ಗಂಡಸರೆಲ್ಲ ಜೊತೆಗೆ ಹೋದರು. ಗೇಟು ತೆರೆದಿದ್ದದ್ದು ಅಷ್ಟು ಹೊತ್ತು ಮಾತ್ರ. ಗಂಡಸರಿಲ್ಲದ ಬೀದಿ ಎಂದು ಹೆದರಿ ಸೆಕ್ರೆಟರಿಯ ಸೊಸೆ ಬೀಗ ಜಡಿದು, ಮಾವ ಬೆಳಿಗ್ಗೆ ತರಿಸಿಕೊಂಡಿದ್ದ ಆ ಒಂದೇ ಕೀಯನ್ನು ಬ್ಯಾಗಿಗೆ ಹಾಕಿಕೊಂಡು ಮಕ್ಕಳನ್ನು ಕರೆತರಲು ಶಾಲೆಗೆ ಹೋದಳು.

ಮಧ್ಯಾಹ್ನ ಎರಡೂವರೆಗೆ ಅವರೆಲ್ಲ ಸ್ಮಶಾನದಿಂದ ಹಿಂತಿರುಗಿದರು. ಗಾಡಿ ಅವರನ್ನು ಮೇನ್ ರೋಡಿನಲ್ಲೇ ಇಳಿಸಿ ಹೋಯಿತು. ಸದ್ದು ಕೇಳಿ ಅವಳು ಇಳಿದು ಬಂದಳು. ಸರಳುಗಳಾಚೆ ಇಪ್ಪತ್ತು ಮೂವತ್ತು ಜನ, ಪ್ಯಾಂಟಿಗೆ ಕೆಂಪು ಮಣ್ಣು ಮೆತ್ತಿಕೊಂಡು ನಿಂತಿದ್ದರು. ಸೆಕ್ರೆಟರಿ ಜೇಬು ತಡಕಿದರು, ಫೋನು ಮಾಡಿದರು, ಯಾರೂ ಎತ್ತಲಿಲ್ಲ.

ಅವಳು ಮೈದುನನನ್ನು ನೋಡಿದಳು. "ಕತ್ತರಿಸ್ತೀನಿ ಅಂದಿದ್ಯಲ್ಲ."

"ಯಾರಿಗೋಸ್ಕರ ಅತ್ತಿಗೆ?" ಎಂದ ಅವನು, ಅವಳ ಮುಖ ನೋಡದೆ.

ಯಾರೂ ಗೊಣಗಲಿಲ್ಲ. ಸೆಕ್ರೆಟರಿ ಮಡಿಸಿದ ಪೇಪರೊಂದನ್ನು ಬಿಸಿಲಿಗೆ ತಲೆಯ ಮೇಲೆ ಹಿಡಿದು ಮಾರ್ಕೆಟ್ಟಿನ ಕಡೆ ಹೊರಟರು. ಒಬ್ಬರ ಹಿಂದೆ ಒಬ್ಬರಾಗಿ, ದಾರಿ ಸುಮಾರು ದಿನದಿಂದ ರೂಢಿಯಾದವರಂತೆ, ಉಳಿದವರೂ ಗೋಡೆಯ ನೆರಳು ಹಿಡಿದು ನಡೆದರು. ಕೊನೆಯಲ್ಲಿದ್ದವನು ಹಾಲಿನಂಗಡಿಯವ. ತಿರುವಿನಲ್ಲಿ ನಿಂತು, ಚಪ್ಪಲಿಯ ಮಣ್ಣನ್ನು ಕಲ್ಲಿಗೆ ಉಜ್ಜಿ ಉಜ್ಜಿ ತೆಗೆದು, ಅವನೂ ಮರೆಯಾದ.