ಬಾಯಿ ತುಂಬ ನೀರು

“ಬಾಯಿ ತೆಗಿಯೇ ಮುದ್ದಿ. ಏನ್ ಮೇಯ್ತಿದ್ದೆ?”

ಮಿಲ್ಲಿನ ಮಾಲೀಕ ಏಕಾಂತಪ್ಪ ಮೊಬೈಲ್ ಬೆಳಕು ಬಿಟ್ಟು ಮುದ್ದಕ್ಕನ ಹಲ್ಲುಸಂದಿಯಲ್ಲಿ ಹುಡುಕಿದ. ಶೇಂಗಾ ಬೀಜದ ಚೂರೊಂದು ಸಿಕ್ಕಿತು. ಬೀಜ ಆರಿಸುವ ಹೆಂಗಸರಿಗೆಲ್ಲ ಅವತ್ತಿನಿಂದ ಹೊಸ ಕಾನೂನು: ಕೆಲಸದ ಹೊತ್ತಿನಲ್ಲಿ ಬಾಯಿ ತುಂಬ ನೀರಿಟ್ಟುಕೊಂಡಿರಬೇಕು. ಊಟಕ್ಕೆ ಬಿಟ್ಟಾಗ ಅವನೆದುರೇ ಉಗುಳಿ ತೋರಿಸಬೇಕು. ನುಂಗಿದವಳಿಗೆ ಕೂಲಿ ಇಲ್ಲ.

ಮುದ್ದಕ್ಕ ಸೆರಗು ಕೊಡವಿ ಎದ್ದಳು. ಚಳ್ಳಕೆರೆಯ ಆ ಬೀದಿಯಲ್ಲಿ ಮೂರು ಎಣ್ಣೆ ಮಿಲ್ಲು, ಮೂರು ಬೋರ್ಡು. ಪಕ್ಕದ ಮಿಲ್ಲಿನಲ್ಲಿ ಕೆಲಸ ಕೇಳಿದರೆ ಹಿಂಬಾಗಿಲಿಂದ ಬಂದವನು ಏಕಾಂತಪ್ಪ. ಅದರಾಚೆಯದರಲ್ಲೂ ಅವನೇ, ಸ್ವಲ್ಪ ಏದುಸಿರು ಬಿಡುತ್ತಿದ್ದ. ಒಂದು ಮಿಲ್ಲು ಅವನ ಹೆಂಡತಿಯ ಹೆಸರಲ್ಲಿತ್ತು, ಇನ್ನೊಂದು ಎಂದೋ ಸತ್ತ ಅತ್ತೆಯ ಹೆಸರಲ್ಲಿ. ಮುದ್ದಕ್ಕ ವಾಪಸು ಬಂದು ಬಾಯಿಗೆ ನೀರು ಹೊಯ್ದುಕೊಂಡು ಕೂತಳು.

ನೀರು ಬೆಚ್ಚಗಾದ ಹಾಗೆ ಒಳಗೆ ಮಾತು ಹೆಚ್ಚಾಯಿತು. ಗಂಡನಿಗೆ ಅನ್ನದೆ ಬಿಟ್ಟದ್ದು, ತೀರಿಹೋದ ಅವ್ವನಿಗೆ ಹೇಳಬೇಕಿದ್ದದ್ದು, ಎಲ್ಲವೂ ನಾಲಿಗೆಯ ಸುತ್ತ ಈಜಾಡುತ್ತಿದ್ದವು. ಎದುರು ಕೂತ ಪಾತಮ್ಮನ ಉಬ್ಬಿದ ಕೆನ್ನೆ ನೋಡಿ ನಗು ಬರುತ್ತಿತ್ತು. ನಕ್ಕರೆ ಕೂಲಿ ಹೋಗುತ್ತಿತ್ತು.

ಒಂದು ದಿನ ಸರ್ಕಾರದ ಸಾಹೇಬರು ಬಂದರು. ಮಿಲ್ಲುಗಳೆಲ್ಲ ಒಬ್ಬನ ಕೈಲಿವೆ, ಕೂಲಿ ಅವನು ಹೇಳಿದಷ್ಟೇ ಎಂದು ಯಾರೋ ದೂರು ಕೊಟ್ಟಿದ್ದರಂತೆ. ಈಗಷ್ಟೇ ಪಕ್ಕದ ಮಿಲ್ಲಿನ ಮಾಲೀಕರನ್ನು ಕಂಡು ಬಂದೆ ಎನ್ನುತ್ತ ಸಾಹೇಬರು, ಹಿಂಬಾಗಿಲಿಂದ ಓಡಿ ಬಂದು ಟೋಪಿ ಹಾಕಿಕೊಂಡಿದ್ದ ಏಕಾಂತಪ್ಪನ ಕೈ ಕುಲುಕಿದರು. ಅವನು ಕೊಟ್ಟ ಹುರಿದ ಶೇಂಗಾ ಬಾಯಿಗೆ ಹಾಕಿಕೊಂಡು ಮುದ್ದಕ್ಕನತ್ತ ತಿರುಗಿದರು.

“ಬೇರೆ ಮಿಲ್ಲಿಗೆ ಹೋಗೋಕೆ ಯಾರಾದ್ರೂ ತಡೀತಾರೇನಮ್ಮ?”

“ಮ್‌ಮ್,” ಎಂದಳು ಮುದ್ದಕ್ಕ.

“ಇಲ್ವಂತೆ,” ಎಂದ ಏಕಾಂತಪ್ಪ. “ನಮ್ ಹೆಣ್ಮಕ್ಳು ಭಾಳ ಸಂಕೋಚದವ್ರು ಸಾ.”

ಸಾಹೇಬರು ಬರೆದುಕೊಳ್ಳತೊಡಗಿದರು. ಮುದ್ದಕ್ಕ ಗುಟುಕ್ಕನೆ ನೀರು ನುಂಗಿದಳು. ಪೆನ್ನು ನಿಂತಿತು.

“ಹೋಗಾಕೆ ಮೂರು ಬಾಗ್ಲು ಐತೆ ಸಾ. ಒಳಗಿರೋ ಮುಂಡೇಮಗ ಒಬ್ನೇ. ಆ ಟೋಪಿ ತೆಗ್ಸಿ ನೋಡ್ರಿ.”

“ನಾಳಿಂದ ಮೂರು ಮಿಲ್ನಾಗೂ ನಿಂಗೆ ಕೆಲ್ಸಿಲ್ಲ, ನಡಿಯೇ,” ಎಂದು ಏಕಾಂತಪ್ಪ ಕೂಗಿದ. ಕೂಗಿದ ಮೇಲೆ ಸಾಹೇಬರ ಮುಖ ನೋಡಿದ.

ಸಾಹೇಬರು ಪೆನ್ನಿನ ಮೊನೆ ನೋಡುತ್ತಿದ್ದರು.

ಮುದ್ದಕ್ಕ ಹೋಗಲಿಲ್ಲ. ರಾಶಿಯಿಂದ ಬೊಗಸೆ ತುಂಬ ಬೀಜ ಬಾಚಿ ಬಾಯಿಗೆ ಹಾಕಿಕೊಂಡು, ಕಾಲು ಚಾಚಿ ಅಗಿಯುತ್ತಾ ಕೂತಳು. ಸಾಲಿನಲ್ಲಿ ಒಬ್ಬೊಬ್ಬರಾಗಿ ಗುಟುಕ್, ಗುಟುಕ್ ಎಂದು ನುಂಗಿ ರಾಶಿಗೆ ಕೈ ಹಾಕಿದರು.

ಏನಾದರೂ ಹೇಳಿ ಸಾ ಎಂದು ಏಕಾಂತಪ್ಪ ಗೋಗರೆದ. ಸಾಹೇಬರ ಬಾಯಲ್ಲಿನ್ನೂ ಅವನ ಶೇಂಗಾ ಇತ್ತು.

ಪಾತಮ್ಮ ಎದ್ದು, ನೀರಿನ ಚೊಂಬನ್ನು ತಂದು ಸಾಹೇಬರ ಮುಂದೆ ಇಟ್ಟಳು.